ರಾಹುಕಾಲದಲ್ಲಿ ಮಾಡ್ಯೂಲ್ ಪ್ರತಿಷ್ಠಾಪನೆ

ಪುಣೆಯ ಕೊಂಢವಾದಲ್ಲಿ ಜನ ನನ್ನನ್ನು ಇಂಜಿನಿಯರ್ ಮುರುಗೆಪ್ಪ ಎಂದು ಕರೆದದ್ದು ಒಟ್ಟು ಒಂಬತ್ತು ದಿನ. ಆ ಒಂಬತ್ತು ದಿನದಲ್ಲಿ ನಾನು ಎರಡು ಮಿಕ್ಸರ್, ಒಂದು ಟೇಪ್ ರಿಕಾರ್ಡರ್ ಮತ್ತು ಪಕ್ಕದ ಮನೆಯವರ ಹೊಲಿಗೆ ಯಂತ್ರವನ್ನು ಕಣ್ಣು ಸಣ್ಣ ಮಾಡಿ ನೋಡಿ, ಇದರ ಮಾಡ್ಯೂಲ್ ಹೋಗಿದೆ ಎಂದು ತೀರ್ಪು ಕೊಟ್ಟು ಕಳಿಸಿದ್ದೇನೆ. ಹೊಲಿಗೆ ಯಂತ್ರದಲ್ಲಿ ಮಾಡ್ಯೂಲ್ ಇರುತ್ತದೋ ಇಲ್ಲವೋ ನನಗೆ ಈಗಲೂ ಖಾತ್ರಿಯಿಲ್ಲ. ಹತ್ತನೆಯ ದಿನ, ಅಂದರೆ ೨೦೦೩ನೇ ಇಸವಿಯ ಒಂದು ಶುಕ್ರವಾರ, ಏನಾಯಿತು ಎನ್ನುವುದನ್ನು ನಾನೇ ಹೇಳಿಬಿಡುವುದು ಮೇಲು. ಹೆಂಡತಿ ಹೇಳಿದರೆ ಇನ್ನೂ ಉದ್ದ ಆಗುತ್ತದೆ.

ನಮ್ಮ ಶಂಕ್ರೆಪ್ಪ ಸಾವಕಾರರು ಇಂಡಿ ಕಡೆಯವರು. ಕೊಂಢವಾದಲ್ಲಿ ಅವರದೊಂದು ಕಾಟಾ ಇದೆ. ಉಸುಕು, ಜಲ್ಲಿ ಖಡಿ ತುಂಬಿದ ಲಾರಿಗಳು ಹತ್ತಿ ನಿಂತು ತೂಕ ಮಾಡಿಸಿಕೊಂಡು ಹೋಗುವ ಉಕ್ಕಿನ ಕಟ್ಟೆ. ನಾನು ಅಲ್ಲಿ ಹದಿನಾಲ್ಕು ವರ್ಷದಿಂದ ತೂಕದ ಚೀಟಿ ಬರೆಯುವ ಗುಮಾಸ್ತ. ಹಳೆಯ ಕಾಟಾ ಕಿತ್ತು ಹೊಸದನ್ನು ಕೂರಿಸಿದಾಗ ಸಾವಕಾರರು ಕಂಪ್ಯೂಟರ್ ತರಿಸಿದರು. ಅದರ ಕೋಣೆಯ ಹಿಂದೆ ಎರಡು ಖೋಲಿ ಕಟ್ಟಿಸಿ, ಒಳಗೇ ಒಂದು ನಳ ಹಾಕಿಸಿ, ಕಂಪ್ಯೂಟರ್ ನಡೆಸುವವನಿಗೆ ಇದು ಎಂದರು. ನಾವು ಆಗ ಇದ್ದದ್ದು ಚಾಳಿನ ಒಂದೇ ಖೋಲಿಯಲ್ಲಿ. ಹದಿನೆಂಟು ಮನೆಗೆ ಒಂದು ನಳ. ಪಾಳಿಯಲ್ಲಿ ನನ್ನ ಹೆಂಡತಿ ಪಾರವ್ವ ಹದಿನೇಳನೆಯವಳು. ಹೊಸ ಖೋಲಿ ನೋಡಲು ಹೋದ ದಿನ ಅವಳು ಆ ನಳವನ್ನು ಮೂರು ಸಲ ತಿರುವಿ, ಮೂರು ಸಲ ನಿಲ್ಲಿಸಿ, ಮನೆ ಮುಟ್ಟುವ ತನಕ ಒಂದು ಮಾತೂ ಆಡಲಿಲ್ಲ. ಮದುವೆಯಾದ ಮೇಲೆ ಅವಳು ಅಷ್ಟು ಹೊತ್ತು ಸುಮ್ಮನಿದ್ದದ್ದು ಅದೇ ಮೊದಲು. ಏನಾದರಾಗಲಿ, ಆ ಖೋಲಿ ಅವಳಿಗೆ ಸಿಗಲೇಬೇಕು ಎಂದು ನಾನು ನಿಶ್ಚಯ ಮಾಡಿದೆ.

ಅಡ್ಡ ಬಂದವನು ಮಾಂತು. ಸಾವಕಾರರ ತಂಗಿಯ ಮಗ, ರಾಂಜಣಗಾಂವದ ಕಾರಖಾನೆಯಲ್ಲಿ ಕೆಲಸ, ಕಂಪ್ಯೂಟರ್ ಕ್ಲಾಸಿನ ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿಕೊಂಡವನು. ಸಾವಕಾರರು ನ್ಯಾಯಸ್ಥರು. ಉದ್ಘಾಟನೆಯ ದಿನ ಕಾಟಾ ಸರಿಯಾಗಿ ನಡೆದು, ತೂಕ-ಅಳತೆಯ ಸಾಹೇಬರು ಮುದ್ರೆ ಹಾಕಿದರೆ ಖೋಲಿ ಮುರುಗೆಪ್ಪನದು, ಇಲ್ಲದಿದ್ದರೆ ಮಾಂತುವಿನದು ಎಂದು ಇಬ್ಬರನ್ನೂ ಎದುರಿಗೆ ನಿಲ್ಲಿಸಿ ಹೇಳಿದರು. ಮಾಂತು ಅದೇ ದಿನ ಪರದೆ ಹೊಲಿಸಲು ಕಿಟಕಿಯ ಅಳತೆ ತೆಗೆದುಕೊಂಡು ಹೋದ.

ಕಾಟಾದ ಪ್ರೋಗ್ರಾಂ ಬರೆದವನು ಸ್ವಪ್ನಿಲ್ ಎಂಬ ಮರಾಠಿ ಹುಡುಗ. ಪ್ರೋಗ್ರಾಂನ ಬಹುಪಾಲು ಪೈಥಾನ್ ಎಂಬ ಭಾಷೆಯಲ್ಲಿತ್ತು. ಅದು ಬರೆದದ್ದು ಬರೆದ ಹಾಗೇ ನಡೆಯುತ್ತದೆ. ಆದರೆ ಕಾಟಾದ ಕೆಳಗಿನ ಡಬ್ಬಿಯಿಂದ ಬರುವ ಅಂಕಿಯನ್ನು ಓದಿ ಕಿಲೋ ಮಾಡಿ ಹೇಳುವ ತುಣುಕು ಮಾತ್ರ ಸಿ ಎಂಬ ಇನ್ನೊಂದು ಭಾಷೆಯಲ್ಲಿ. ಅದನ್ನು ಬರೆದರೆ ಸಾಲದು. ಅದೇ ಕಂಪ್ಯೂಟರಿನಲ್ಲಿ ಕಂಪೈಲ್ ಮಾಡಿ, ಆಗ ತಯಾರಾಗುವ ಮಾಡ್ಯೂಲನ್ನು ಪೈಥಾನಿಗೆ ಸಿಗುವ ಜಾಗದಲ್ಲಿ ಇನ್‌ಸ್ಟಾಲ್ ಮಾಡಬೇಕು. ಸ್ವಪ್ನಿಲ್ ತನ್ನ ಕಂಪ್ಯೂಟರಿನಲ್ಲಿ ಒಮ್ಮೆ ಮಾಡಿ ತೋರಿಸಿದ. ಒಂದು ಸಾಲು ಬಡಿದ, ಪರದೆಯ ಮೇಲೆ ಅರ್ಧ ನಿಮಿಷ ಸಾಲುಗಳು ಸರಸರ ಓಡಿದವು, ಮುಗಿಯಿತು. ಆ ಒಂದು ಸಾಲನ್ನು ನಾನು ಚೀಟಿಯಲ್ಲಿ ಬರೆದುಕೊಂಡೆ. ಮಾಡ್ಯೂಲ್ ವಿದ್ಯೆಯಲ್ಲಿ ನನ್ನ ಒಟ್ಟು ಅಭ್ಯಾಸ ಅಷ್ಟೇ.

ಮನೆಗೆ ಬಂದು ಇದನ್ನೆಲ್ಲ ಪಾರವ್ವನಿಗೆ ವಿವರಿಸಿದೆ. ಅವಳು ಮೆಂತೆ ಸೋಸುತ್ತಲೇ, ಜೋಳ ಗಿರಣಿಗೆ ಹಾಕಿ ಹಿಟ್ಟು ಮಾಡಿಸಿ ಡಬ್ಬಿಯಲ್ಲಿ ತುಂಬಿ ಇಟ್ಟ ಹಾಗೆ ತಾನೇ ಎಂದಳು. ಇಷ್ಟು ದೊಡ್ಡ ವಿದ್ಯೆ ಇಷ್ಟು ಬೇಗ ಅವಳಿಗೆ ತಿಳಿದದ್ದು ನನಗೆ ಸೇರಲಿಲ್ಲ. ಅದಕ್ಕೇ ಮರುದಿನ ಸಾವಕಾರರ ಮನೆಯಲ್ಲಿ ಅವರ ತಾಯಿ ಅವ್ವಮ್ಮ ಇನ್‌ಸ್ಟಾಲ್ ಅಂದರೇನು ಎಂದು ಕೇಳಿದಾಗ, ಗಿರಣಿಯ ಸುದ್ದಿ ಎತ್ತದೆ, ಕೈ ಕಟ್ಟಿ ನಿಂತು, ಪ್ರತಿಷ್ಠಾಪನೆ ಎಂದುಬಿಟ್ಟೆ. ಎಂಬತ್ತು ವರ್ಷದ ಮುದುಕಿ ಕೂತಲ್ಲೇ ಕೈ ಮುಗಿದಳು. ಆ ಒಂದು ಶಬ್ದ ಮುಂದೆ ನನ್ನ ಕೊರಳಿಗೆ ಬಂತು.

ಉದ್ಘಾಟನೆಯ ದಿನ ಬೆಳಗ್ಗೆ ಒಂಬತ್ತೂಮುಕ್ಕಾಲಿಗೆ, ಯಾರೂ ಬರುವ ಮೊದಲೇ, ನಾನು ಚೀಟಿ ನೋಡಿ ಕಾಟಾದ ಕಂಪ್ಯೂಟರಿನಲ್ಲಿ ಮೊದಲ ಸಲ ಮಾಡ್ಯೂಲ್ ಕಟ್ಟಿದೆ. ಸಾಲುಗಳು ಓಡಿದವು. ಪರೀಕ್ಷೆಗೆಂದು ಕಾಟಾದ ಮೇಲೆ ನಾನೇ ನಿಂತು ಕಿಟಕಿಯಿಂದ ಪರದೆ ನೋಡಿದರೆ ನೂರಾ ಮೂವತ್ತು ಕಿಲೋ. ಜೊತೆಗೆ ಬಂದಿದ್ದ ಪಾರವ್ವ ನನ್ನನ್ನು ಮೇಲಿಂದ ಕೆಳಗೆ ನೋಡಿ, ಯಂತ್ರ ಸರಿಯಾಗಿಯೇ ಇದೆ ಎಂದಳು. ಆಮೇಲೆ ತಾನು ನಿಂತಳು. ನೂರಾ ಇಪ್ಪತ್ತು. ಯಂತ್ರ ಕೆಟ್ಟಿದೆ ಎಂಬುದು ಆಗ ನಿರ್ವಿವಾದವಾಗಿ ಸಿದ್ಧವಾಯಿತು.

ಸ್ವಪ್ನಿಲ್ ಅಕ್ಕನ ಮದುವೆಗೆಂದು ನಾಸಿಕಕ್ಕೆ ಹೋಗಿದ್ದ. ಅವನು ಕೊಟ್ಟಿದ್ದ ನಂಬರಿಗೆ ಹತ್ತೂಕಾಲಿಗೆ ಫೋನ್ ಸಿಕ್ಕಿತು. ಹಿಂದೆ ಸನಾಯಿ ಕೇಳುತ್ತಿತ್ತು. ಅವನು ನಕ್ಕು, ಡಬ್ಬಿ ಐದೈದು ಕಿಲೋ ಲೆಕ್ಕದಲ್ಲಿ ಎಣಿಸುತ್ತದೆ ಕಾಕಾ, ನಾನು ಮರೆತು ಹತ್ತು ಎಂದು ಬರೆದಿದ್ದೇನೆ, ಫೈಲ್ ತೆಗೆದು ಹತ್ತು ಇದ್ದಲ್ಲಿ ಐದು ಮಾಡಿ, ಅದೇ ಸಾಲು ಇನ್ನೊಮ್ಮೆ ಬಡಿಯಿರಿ ಎಂದ. ನನಗೆ ಜೀವ ಬಂದಂತಾಯಿತು.

ಅಷ್ಟರಲ್ಲಿ ಮಂದಿ ಬಂದರು. ಕಾಟಾ ತೊಳೆದು, ರಂಗೋಲಿ ಹಾಕಿ, ಸಾವಕಾರರು ಪೂಜೆ ಮುಗಿಸಿ ಕಾಯಿ ಒಡೆದರು. ಅವ್ವಮ್ಮನದೊಂದು ಹರಕೆ ಇತ್ತು: ಮಗ ಹೊಸ ಕಾಟಾ ಹಾಕಿದ ದಿನ ತನ್ನ ತೂಕದಷ್ಟು ಭಂಡಾರದ ಅರಿಶಿನವನ್ನು ಜೇಜುರಿಯ ಮೈಲಾರಲಿಂಗನಿಗೆ ಕೊಡುವುದು. ಕಾಟಾದ ಮೊದಲ ತೂಕ ಅವಳದೇ ಆಗಬೇಕು, ಅಲ್ಲಿಯ ತನಕ ಬೇರೆ ಯಾರೂ ಅದರ ಮೇಲೆ ಕಾಲಿಡಬಾರದು. ನಾನೂ ಪಾರವ್ವನೂ ಮುಖ ಮುಖ ನೋಡಿಕೊಂಡೆವು. ಅವ್ವಮ್ಮ ಸಣಕಲು ಜೀವ, ಐವತ್ತು ಕಿಲೋದ ಒಳಗೇ ಇದ್ದಾಳೆಂದು ಸಾವಕಾರರು ಮಾರ್ಕೆಟ್ ಯಾರ್ಡಿನಿಂದ ಇಪ್ಪತ್ತೈದು ಕಿಲೋದ ಎರಡು ಚೀಲ ಅರಿಶಿನ ಪುಡಿ ತರಿಸಿ ಇಟ್ಟಿದ್ದರು. ಜೇಜುರಿಯಿಂದ ಇಬ್ಬರು ಗೊರವಯ್ಯರೂ ಡಮರು ಹಿಡಿದು ಬಂದಿದ್ದರು.

ಗದ್ದಲದಲ್ಲಿ ನಾನು ಕಂಪ್ಯೂಟರಿನ ಮುಂದೆ ಕೂತಾಗ ಹತ್ತೂ ನಲವತ್ತು. ಹಿಂದಿನಿಂದ ಕೋಲಿನ ಸದ್ದು ಕೇಳಿತು.

“ಏನ್ ಮಾಡಾಕತ್ತೀಯೋ ಮುರಗ್ಯಾ?” ಎಂದಳು ಅವ್ವಮ್ಮ.

“ಮಾಡ್ಯೂಲ್ ಇನ್ನೊಮ್ಮೆ ಇನ್‌ಸ್ಟಾಲ್ ಮಾಡಬೇಕ್ರಿ ಅವ್ವಾರ.”

“ಶುಕ್ರವಾರ ಹತ್ತೂವರಿಗೆ ರಾಹುಕಾಲ ಹತ್ತೇದ. ಹನ್ನೆರಡರ ತನಕ ಪ್ರತಿಷ್ಠಾಪನಾ ಮಾಡಂಗಿಲ್ಲ.”

ಅದು ಬರೀ ಒಂದು ಕೆಲಸ, ಪ್ರತಿಷ್ಠಾಪನೆ ಅಲ್ಲ ಎಂದೆ. ಪ್ರತಿಷ್ಠಾಪನೆ ಎಂದು ನೀನೇ ಹೇಳಿದ್ದೆಯಲ್ಲ ಎಂದಳು. ಸಾವಕಾರರು ತಾಯಿಯ ಮಾತಿಗೆ ತಲೆಯಾಡಿಸಿದರು. ತೂಕ-ಅಳತೆಯ ಸಾಹೇಬರು ಹನ್ನೊಂದೂ ಇಪ್ಪತ್ತಕ್ಕೆ ಬಂದು ಹನ್ನೆರಡಕ್ಕೆ ಹೊರಡುವವರು. ಇವತ್ತು ಮುದ್ರೆ ತಪ್ಪಿದರೆ ಇನ್ನು ಅವರ ಪಾಳಿ ಯಾವಾಗಲೋ. ಕೋಣೆಯ ಬಾಗಿಲಲ್ಲಿ ಮಾಂತು ಸರ್ಟಿಫಿಕೇಟಿನ ಚೀಲ ಹಿಡಿದು ನಿಂತಿದ್ದ. ಹಿಂದಿನ ಖೋಲಿಯಲ್ಲಿ ನಳದ ಕೆಳಗೆ ಪಾರವ್ವ ಆಗಲೇ ತನ್ನ ಹಿತ್ತಾಳೆ ಕೊಡ ಇಟ್ಟುಬಿಟ್ಟಿದ್ದಳು.

ಆಗ ನನ್ನ ತಲೆಗೆ ಒಂದು ಯುಕ್ತಿ ಹೊಳೆಯಿತು. ನನ್ನ ತಲೆಗೆ ಯುಕ್ತಿ ಹೊಳೆಯುವುದು ವರ್ಷಕ್ಕೆ ಒಂದೆರಡು ಸಲ, ಮತ್ತು ಪ್ರತಿ ಸಲವೂ ಅದನ್ನು ತಡೆಯಲು ಹತ್ತಿರದಲ್ಲಿ ಯಾರೂ ಇರುವುದಿಲ್ಲ. ರಾಹುಕಾಲ ನಮಗೆ ಹತ್ತಿದೆ, ಆದರೆ ಪ್ರತಿಷ್ಠಾಪನೆ ನಡೆಯುವುದು ಯಂತ್ರದ ಒಳಗೆ, ಒಳಗೆ ಯಂತ್ರದ್ದೇ ಬೇರೆ ಗಡಿಯಾರ ಇದೆ, ಅದರ ತಾಸು ಅದಕ್ಕೆ ಎಂದು ಅವ್ವಮ್ಮನಿಗೆ ಹೇಳಿದೆ. ಹೇಳುತ್ತ ಹೇಳುತ್ತಲೇ ಪರದೆಯ ಮೂಲೆಯ ಗಡಿಯಾರವನ್ನು ಹಿಂದಕ್ಕೆ ತಿರುಗಿಸಿ ಒಂಬತ್ತೂವರೆ ಮಾಡಿದೆ. ಅವ್ವಮ್ಮ ಕನ್ನಡಕ ಏರಿಸಿ ನೋಡಿ, ಹೌದು, ಇದಕ್ಕಿನ್ನೂ ಒಂದು ತಾಸು ಅದ ಎಂದು ಒಪ್ಪಿದಳು. ಅಷ್ಟೇ ಅಲ್ಲ, ಯಂತ್ರಕ್ಕೆ ರಾಹುಕಾಲ ಹತ್ತುವ ಮೊದಲೇ ತನ್ನ ತೂಕವೂ ಮುಗಿಯಲಿ ಎಂದು ಅವಸರ ಮಾಡಿದಳು.

ಫೈಲ್ ತೆಗೆದೆ. ಹತ್ತನ್ನು ಐದು ಮಾಡಿ ಉಳಿಸಿದೆ. ಚೀಟಿಯ ಸಾಲು ಬಡಿದೆ. ಬೆಳಗ್ಗೆ ಅರ್ಧ ನಿಮಿಷ ಹಿಡಿದ ಕೆಲಸ ಈ ಸಲ ಕಣ್ಣು ಮುಚ್ಚಿ ತೆಗೆಯುವುದರಲ್ಲಿ ಮುಗಿಯಿತು. ಪರದೆಯ ಮೇಲೆ ಓಡಿದ್ದು ಎರಡೇ ಸಾಲು. ಒಳ್ಳೆಯ ಗಳಿಗೆಯಲ್ಲಿ ಮಾಡಿದ ಕೆಲಸ ಹೇಗೆ ಸಲೀಸು ಆಗುತ್ತದೆ ನೋಡ್ರಿ ಎಂದು ನಾನು ಮಾಂತುವಿಗೆ ಕೇಳಿಸುವ ಹಾಗೆ ಹೇಳಿದೆ. ಇನ್ನೊಮ್ಮೆ ಕಾಟಾದ ಮೇಲೆ ನಿಂತು ಪರೀಕ್ಷೆ ಮಾಡುವ ಹಾಗಿರಲಿಲ್ಲ. ಮಾಡುವ ಹಾಗಿದ್ದರೂ ಮಾಡುತ್ತಿದ್ದೆನೋ ಇಲ್ಲವೋ, ಅಷ್ಟು ಉಬ್ಬಿದ್ದೆ.

ಕಾಟಾದ ನಡುವೆ ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿ, ಅದರ ತೂಕ ಕಳೆದು, ಅವ್ವಮ್ಮನನ್ನು ಕೂರಿಸಿದರು. ಹರಕೆಯ ಉಪವಾಸ, ಬೆಳಗಿನಿಂದ ಚಹಾ ಸಹ ಕುಡಿದಿರಲಿಲ್ಲ. ನಾನು ಕಿಟಕಿಯಲ್ಲಿ ನಿಂತು ಗಂಟಲು ಸರಿಮಾಡಿಕೊಂಡು ಪರದೆ ಓದಲು ಬಾಯಿ ತೆರೆದೆ. ತೊಂಬತ್ತು ಕಿಲೋ.

ಓದಿಬಿಟ್ಟೆ. ಅದೇ ತಪ್ಪು. ಓದಿದ ಮೇಲೆ ತಿಳಿಯಿತು.

ಕುರ್ಚಿಯಲ್ಲಿ ಕೂತ ಮುದುಕಿ ಸೀರೆ ಸಮೇತ ನಲವತ್ತೈದರ ಮೇಲಿರಲು ಶಕ್ಯವಿಲ್ಲ ಎನ್ನುವುದು ಅಲ್ಲಿದ್ದ ಕೂಸಿಗೂ ಕಾಣುತ್ತಿತ್ತು. ಯಂತ್ರ ತಪ್ಪಿದೆ ಎಂದು ಯಾರಾದರೂ ಈಗ ಹೇಳುತ್ತಾರೆ ಎಂದು ನಾನು ಕಣ್ಣು ಮುಚ್ಚಿಕೊಂಡೆ. ಆದರೆ ಪ್ರತಿಷ್ಠಾಪನೆಯಾದ ಯಂತ್ರ, ನೋಡಿ. ಅದು ತಪ್ಪುವುದು ಹೇಗೆ? ದೊಡ್ಡ ಗೊರವಯ್ಯ ಮುಂದೆ ಬಂದು ಅವ್ವಮ್ಮನ ಮುಖ ದಿಟ್ಟಿಸಿ ನೋಡಿದ. ದೇವರು ಮೈಮೇಲೆ ಬಂದಾಗ ಶರೀರ ಇಮ್ಮಡಿ ಭಾರ ಆಗುತ್ತದೆ, ನಮ್ಮ ಅಜ್ಜ ಹೇಳುತ್ತಿದ್ದ, ಕಣ್ಣಿಂದ ಕಂಡದ್ದು ಇದೇ ಮೊದಲು ಎಂದ. ಡಮರು ಶುರುವಾಯಿತು. ಯಳಕೋಟ ಯಳಕೋಟ ಜಯ ಮಲ್ಹಾರ ಎಂದು ಕೂಗಿ ಮುಷ್ಟಿಗಟ್ಟಲೆ ಭಂಡಾರ ಎರಚಿದರು. ಎರಡು ನಿಮಿಷದಲ್ಲಿ ಕಾಟಾ, ಕುರ್ಚಿ, ಅವ್ವಮ್ಮ, ನನ್ನ ಕಿಟಕಿ ಎಲ್ಲ ಹಳದಿ. ತೊಂಬತ್ತು ಕಿಲೋಗೆ ಎರಡು ಚೀಲ ಸಾಲುವುದಿಲ್ಲ ಎಂದು ಸಾವಕಾರರು ಆಗಿಂದಾಗಲೇ ಮಾರ್ಕೆಟ್ ಯಾರ್ಡಿಗೆ ಟೆಂಪೋ ಓಡಿಸಿದರು.

ಮೊದಲು ಕಾಲಿಗೆ ಬಿದ್ದವಳು ಸೊಸೆ ಶಿವಕಾಂತಾ. ಸಾವಕಾರರ ಹೆಂಡತಿ ಅತ್ತೆಯ ಕಾಲು ಮುಟ್ಟಿದ್ದನ್ನು ನಾನು ಹದಿನಾಲ್ಕು ವರ್ಷದಲ್ಲಿ ಕಂಡಿರಲಿಲ್ಲ. ಅತ್ತೆಗೆ ನೀರು ಹಾಲು ಕೊಟ್ಟು ಕೆನೆ ತಾನು ಎತ್ತಿಡುತ್ತಿದ್ದೆ, ತಪ್ಪಾಯಿತು ಎಂದು ಅತ್ತಳು. ಸಾವಕಾರರು ಪೇಟಾ ತೆಗೆದು ಅಡ್ಡಬಿದ್ದು, ನೀ ಊರಲ್ಲಿದ್ದಾಗ ಅಲ್ಲಿಂದ ಫೋನ್ ಮಾಡಿದರೆ ಮನೆಯಲ್ಲಿಲ್ಲ ಎಂದು ಹೇಳಿಸುತ್ತಿದ್ದವನು ನಾನೇ ಎಂದರು. ಆಮೇಲೆ ಮಾಂತು. ಅವನ ಮುಖ ಬಿಳಚಿತ್ತು, ಅರಿಶಿನದ ಕೆಳಗೂ ಕಾಣುತ್ತಿತ್ತು. ಕ್ಲಾಸಿಗೆ ಹೋದದ್ದು ಹನ್ನೊಂದೇ ದಿನ, ಪರೀಕ್ಷೆಗೆ ಕೂತವನು ಗೆಳೆಯ ಸುಂದರ ಎಂದು ಒಪ್ಪಿಕೊಂಡು ಸರ್ಟಿಫಿಕೇಟನ್ನು ಅವ್ವಮ್ಮನ ಪಾದದ ಹತ್ತಿರ ಇಟ್ಟ. ಅವ್ವಮ್ಮ ಒಬ್ಬೊಬ್ಬರ ತಲೆಯ ಮೇಲೂ ಕೈಯಿಟ್ಟು, ಮುಂದ ಎಂದಳು.

ಆ ಇಡೀ ಮಂದಿಯಲ್ಲಿ ನಿಜವಾದ ಪಾಪ ಮಾಡಿದವನು ನಾನೊಬ್ಬ, ಒಪ್ಪಿಕೊಳ್ಳದವನೂ ನಾನೊಬ್ಬ. ಮಾಂತುವಿನ ಕಾಟ ತಾನಾಗಿಯೇ ತೊಲಗಿತು, ಖೋಲಿ ಸಿಕ್ಕಿತು, ಮೈಲಾರಲಿಂಗನೇ ಹೊಣೆ ಹೊತ್ತಿರುವಾಗ ನಾನ್ಯಾಕೆ ಬಾಯಿ ಬಿಡಲಿ ಎಂದು ಲೆಕ್ಕ ಹಾಕಿ, ಸರದಿಯಲ್ಲಿ ನಿಂತು ನಾನೂ ಕಾಲಿಗೆ ಬಿದ್ದೆ. ಅವ್ವಮ್ಮ ನನ್ನ ತಲೆಯ ಮೇಲೆ ಕೈ ಇಡಲಿಲ್ಲ. ಕನ್ನಡಕ ಏರಿಸಿ ನೋಡಿದಳು.

ಹನ್ನೊಂದೂ ಇಪ್ಪತ್ತಕ್ಕೆ ಸರಿಯಾಗಿ ತೂಕ-ಅಳತೆಯ ಅವಧೂತ ಸಾಹೇಬರ ಜೀಪು ಬಂತು. ತೆಳ್ಳಗಿನ, ಕಡಿಮೆ ಮಾತಿನ ಮನುಷ್ಯ. ಸಾವಕಾರರು ಓಡಿ ಹೋಗಿ ದೇವರು ಬಂದ ಸಂಗತಿಯನ್ನು ಮರಾಠಿಯಲ್ಲಿ ಹೇಳಿದರು. ಸಾಹೇಬರು ಬೂಟು ಕಳಚಿ ಅವ್ವಮ್ಮನಿಗೆ ನಮಸ್ಕಾರ ಮಾಡಿ, ಬೂಟು ಹಾಕಿಕೊಂಡು, ಅಜ್ಜಿಯವರನ್ನು ಸ್ವಲ್ಪ ನೆರಳಿಗೆ ಕರೆದುಕೊಂಡು ಹೋಗಿ ಎಂದರು. ಆಮೇಲೆ ಜೀಪಿನಿಂದ ಇಪ್ಪತ್ತು ಕಿಲೋದ ಕಬ್ಬಿಣದ ಕಲ್ಲುಗಳನ್ನು ಇಳಿಸಿ, ಹತ್ತು ಎಣಿಸಿ ಕಾಟಾದ ಮೇಲೆ ಇಡಿಸಿದರು. ಇನ್ನೂರು ಕಿಲೋ. ಪರದೆಯ ಮೇಲೆ ನಾನೂರು.

ಸಾಹೇಬರು ಪರದೆ ನೋಡಿದರು, ಕಲ್ಲು ನೋಡಿದರು, ನನ್ನನ್ನು ನೋಡಿದರು.

“ಹ್ಯಾಂಚ್ಯಾ ಅಂಗಾತ್ ಪಣ್ ದೇವ್ ಆಲಾಯ್ ಕಾ?” ಎಂದರು. ಈ ಕಲ್ಲುಗಳ ಮೈಮೇಲೂ ದೇವರು ಬಂದಿದ್ದಾನೋ ಎಂದು ಅವರು ಕೇಳಿದ್ದು ಗೊರವಯ್ಯರಿಗೂ ತಿಳಿಯಿತು. ಡಮರು ನಿಂತಿತು.

ಸಾವಕಾರರ ಮುಖದಲ್ಲಿ ಭಕ್ತಿ ಇಳಿದು ಸಿಟ್ಟು ಏರಿದ್ದು ನನಗೆ ಅಂಗುಲ ಅಂಗುಲವಾಗಿ ಕಂಡಿತು. ಅವರು ಏನೂ ಹೇಳುವ ಮೊದಲೇ ಪಾರವ್ವ ಹಿಂದಿನ ಖೋಲಿಗೆ ಹೋದಳು. ಹೊರಗೆ ಬಂದಾಗ ಕಂಕುಳಲ್ಲಿ ಹಿತ್ತಾಳೆ ಕೊಡ ಇತ್ತು, ಖಾಲಿ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ನನ್ನ ಕಡೆ ನೋಡಲೂ ಇಲ್ಲ, ಚಾಳಿನ ದಾರಿ ಹಿಡಿದಳು.

“ನಿಲ್ಲ ಪಾರವ್ವಾ,” ಎಂದೆ. “ತಪ್ಪು ನಂದ್ರಿ ಸಾವಕಾರ್ರ. ಬೆಳಿಗ್ಗೆನ ಇದು ದುಪ್ಪಟ್ಟು ತೋರಿಸ್ತಿತ್ತು. ಸರಿ ಮಾಡೀನಿ ಅಂತ ತಿಳದಿದ್ದೆ. ಅವ್ವಾರ ಕುಂತಾಗನ ಗೊತ್ತಾತು, ಹೇಳಲಿಲ್ಲ.”

ಎಲ್ಲರೂ ನೋಡುತ್ತಿರುವಂತೆ ನಾಸಿಕಕ್ಕೆ ಫೋನ್ ಹಚ್ಚಿದೆ. ಸ್ವಪ್ನಿಲ್ ಅಕ್ಷತೆ ಹಾಕುವುದನ್ನು ಬಿಟ್ಟು ಬಂದಿದ್ದ. ಹತ್ತನ್ನು ಐದು ಮಾಡಿದಿರಾ? ಮಾಡಿದೆ. ಮತ್ತೆ ಕಟ್ಟಿದಿರಾ? ಕಟ್ಟಿದೆ, ಕ್ಷಣದಲ್ಲಿ ಮುಗಿಯಿತು. ಅವನು ಫೈಲಿನ ಮೇಲೆ ಎಷ್ಟು ಗಂಟೆ ಎಂದು ಬಿದ್ದಿದೆ ನೋಡಿ ಎಂದ. ಒಂಬತ್ತೂ ಮೂವತ್ತೆರಡು ಎಂದೆ. ಕಾಕಾ, ನೀವು ನನಗೆ ಫೋನ್ ಮಾಡಿದ್ದೇ ಹತ್ತೂಕಾಲಿಗೆ, ಅದಕ್ಕಿಂತ ಮೊದಲೇ ಹೇಗೆ ತಿದ್ದಿದಿರಿ ಎಂದ. ನಾನು ರಾಹುಕಾಲದ ಸಂಗತಿ ಹೇಳಿದೆ.

ಆಮೇಲೆ ಅವನು ಬಿಡಿಸಿ ಹೇಳಿದ. ಕಟ್ಟು ಎಂದಾಗ ಯಂತ್ರ ಎರಡು ವೇಳೆಗಳನ್ನು ಹೋಲಿಸಿ ನೋಡುತ್ತದೆ: ಫೈಲ್ ತಿದ್ದಿದ್ದು ಯಾವಾಗ, ಮಾಡ್ಯೂಲ್ ಆದದ್ದು ಯಾವಾಗ. ಮಾಡ್ಯೂಲ್ ಆದದ್ದು ಒಂಬತ್ತೂಮುಕ್ಕಾಲಿಗೆ, ಫೈಲ್ ತಿದ್ದಿದ್ದು ಅದಕ್ಕಿಂತ ಮೊದಲು ಎಂದು ಗಡಿಯಾರ ಹೇಳಿದರೆ, ಎಲ್ಲ ಆಗಿಯೇ ಇದೆ ಎಂದು ಅದು ಕೈ ಕಟ್ಟಿ ಕೂರುತ್ತದೆ. ಪಾರವ್ವ ಕೊಡ ಹಿಡಿದು ನಿಂತಲ್ಲೇ ಕೇಳಿಸಿಕೊಂಡು, ಜೋಳ ಹೊಸದು ಹಾಕಿದರೂ ಗಿರಣಿಯವನು ಹಳೆಯ ಹಿಟ್ಟನ್ನೇ ಕೊಟ್ಟು ಕಳಿಸಿದ್ದಾನೆ ಎಂದಳು. ಸಾಹೇಬರಿಗೆ ಯಾರೋ ಅದನ್ನು ಮರಾಠಿಯಲ್ಲಿ ಹೇಳಿದರು. ಇಷ್ಟು ಹೊತ್ತಿನಲ್ಲಿ ಅರ್ಥವಾಗುವ ಹಾಗೆ ಮಾತಾಡಿದವರು ಇವರೊಬ್ಬರೇ ಎಂದರು ಸಾಹೇಬರು.

ಗಡಿಯಾರ ಸರಿ ಮಾಡಿ, ಫೈಲನ್ನು ಇನ್ನೊಮ್ಮೆ ಉಳಿಸಿ, ಮತ್ತೆ ಕಟ್ಟಬೇಕಿತ್ತು. ಗಂಟೆ ಹನ್ನೊಂದೂಮುಕ್ಕಾಲು, ರಾಹುಕಾಲ ಇನ್ನೂ ಇತ್ತು. ಎಲ್ಲರೂ ಅವ್ವಮ್ಮನ ಕಡೆ ತಿರುಗಿದರು. ಮೈ ತುಂಬ ಅರಿಶಿನ, ಕೈಯಲ್ಲಿ ಶಿವಕಾಂತಾ ತಂದುಕೊಟ್ಟ ಕೆನೆ ಹಾಲಿನ ಲೋಟ.

“ಮಾಡಲೇಳು,” ಎಂದಳು. “ನನಗ ಕುಂತಾಗನ ಗೊತ್ತಿತ್ತು. ಹಸಿವು ಬಿಟ್ಟರ ಯಾವ ದೇವರೂ ಮೈಮ್ಯಾಲ ಬಂದಿರಲಿಲ್ಲ. ಆದರ ಇಷ್ಟ್ ವರ್ಷದಾಗ ಒಮ್ಮೆರ ಎಲ್ಲಾರೂ ನನ್ನ ಕೂಡ ಖರೇ ಮಾತಾಡಾಕತ್ತಿದ್ರು. ಏಳಾಕ ಮನಸ್ಸಾಗಲಿಲ್ಲ.”

ಸಾವಕಾರರು ತಲೆ ತಗ್ಗಿಸಿದರು. ಶಿವಕಾಂತಾ ಸೆರಗಿನಿಂದ ಅತ್ತೆಯ ಕನ್ನಡಕದ ಅರಿಶಿನ ಒರೆಸಿದಳು. ನಾನು ಚೀಟಿಯ ಸಾಲು ಬಡಿದೆ. ಅರ್ಧ ನಿಮಿಷ ಸಾಲುಗಳು ಓಡಿದವು. ನನ್ನ ಜನ್ಮದಲ್ಲಿ ಅಷ್ಟು ಚಂದದ ಅರ್ಧ ನಿಮಿಷ ಕಂಡಿಲ್ಲ. ಪರದೆಯ ಮೇಲೆ ಇನ್ನೂರು. ಹನ್ನೆರಡಕ್ಕೆ ಐದು ನಿಮಿಷ ಇರುವಾಗ ಸಾಹೇಬರು ಮುದ್ರೆ ಹಾಕಿದರು. ಅವ್ವಮ್ಮ ಮತ್ತೆ ಕೂತಾಗ ನಲವತ್ತೈದು, ಹಾಲು ಸಮೇತ.

ಖೋಲಿಯ ಮಾತು ಎತ್ತುವ ಧೈರ್ಯ ನನಗಿರಲಿಲ್ಲ. ಸಾವಕಾರರು ಮಾಂತುವನ್ನು ನೋಡಿದರು, ಮಾಂತು ತನ್ನ ಕಾಲುಬೆರಳು ನೋಡಿದ. ಅವ್ವಮ್ಮನೇ ಪಾರವ್ವನನ್ನು ಕರೆದು, ಕೊಡ ಒಯ್ದು ನಳದ ಕೆಳಗೆ ಇಡು ಎಂದಳು. ಆಮೇಲೆ ನನ್ನ ಕಡೆ ಕೋಲು ತೋರಿಸಿ, ದೇವರ ಕಿವಿಗೆ ತೊಂಬತ್ತು ಅಂತ ಬಿದ್ದಿದೆ, ಈಗ ಕಡಿಮೆ ಮಾಡುವುದಕ್ಕೆ ಬರುವುದಿಲ್ಲ, ನಾಲ್ಕೂ ಚೀಲ ಹೋಗಲಿ, ಹೆಚ್ಚಿನ ಎರಡನ್ನು ಗುಡ್ಡದ ಮೇಲೆ ಹೊರುವವನು ಇವನು ಎಂದು ತೀರ್ಮಾನ ಮಾಡಿದಳು. ಭಾನುವಾರ ಜೇಜುರಿಯ ಮೆಟ್ಟಿಲನ್ನು ನಾನು ಬೆನ್ನ ಮೇಲೆ ಚೀಲ ಹೊತ್ತು ಎರಡು ಸಲ ಹತ್ತಿದೆ. ಇಪ್ಪತ್ತೈದು ಕಿಲೋ ಅಂದರೆ ಎಷ್ಟು ಎನ್ನುವುದನ್ನು ಹದಿನಾಲ್ಕು ವರ್ಷ ಚೀಟಿ ಬರೆದವನು ಅವತ್ತು ಕಲಿತೆ.

ಇಂಜಿನಿಯರ್ ಎನ್ನುವುದನ್ನು ಜನ ಬಿಟ್ಟರು. ಪಕ್ಕದ ಮನೆಯವರು ಹೊಲಿಗೆ ಯಂತ್ರವನ್ನು ಈಗ ಪಾರವ್ವನಿಗೆ ತೋರಿಸುತ್ತಾರೆ.

ಮೂರು ತಿಂಗಳು ಕಳೆದಿರಬೇಕು. ಒಂದು ಮಧ್ಯಾಹ್ನ ಲಾರಿ ಇಲ್ಲದ ಹೊತ್ತಿನಲ್ಲಿ ಕೋಲಿನ ಸದ್ದಾಯಿತು. ಅವ್ವಮ್ಮ ಒಬ್ಬಳೇ ಬಂದಿದ್ದಳು. ಮನೆಯಲ್ಲಿ ಎಲ್ಲರೂ ಚೆನ್ನಾಗಿದ್ದಾರೆಯೇ ಎಂದು ಕೇಳಿದೆ. ಎಲ್ಲರೂ ಚೆನ್ನಾಗಿದ್ದಾರೆ, ಅವರವರ ಕೆಲಸ ಅವರವರಿಗೆ, ನನ್ನ ಹತ್ತಿರ ಕೂರಲು ಮತ್ತೆ ಯಾರಿಗೂ ಪುರುಸೊತ್ತಿಲ್ಲ ಎಂದಳು. ಪಾರವ್ವ ಚಹಾ ತಂದು ಕೊಟ್ಟಳು. ಅವ್ವಮ್ಮ ಬಟ್ಟಲಲ್ಲಿ ಇಣುಕಿ, ನಿಮ್ಮ ಮನೆಯಲ್ಲಿ ಹಾಲು ಗಟ್ಟಿ ಇದೆ ಎಂದು ನಿಧಾನವಾಗಿ ಕುಡಿದಳು. ಕುಡಿದು, ಬಾಗಿಲ ಕಡೆ ಒಮ್ಮೆ ನೋಡಿ, ಪರದೆಯ ಮೂಲೆಗೆ ಬೆರಳು ಮಾಡಿದಳು.

“ತಮ್ಮಾ, ನಾಡದು ಅಮಾಸಿಗೆ ಎಲ್ಲಾರೂ ಪೂಜಾಕ್ಕ ಬರ್ತಾರ. ಈ ಗಡಿಯಾರ ಇನ್ನೊಮ್ಮೆ ಒಂದೀಟು ಹಿಂದ ತಿರುವಾಕ ಬರ್ತದೇನೋ?”

ನಾನು ಪಾರವ್ವನ ಮುಖ ನೋಡಿದೆ. ಅವಳು ಎದ್ದು ಹೋಗಿ, ಕಾಟಾದ ನಡುವೆ ಆ ಪ್ಲಾಸ್ಟಿಕ್ ಕುರ್ಚಿ ಹಾಕಿ ಬಂದಳು.